ಗರಿಗರಿಯಣ್ಣ ಹೊಟ್ಟೆಯ ಮಾತು ಕೇಳಿದ್ದು

ಅವನ ಇಸ್ತ್ರಿಗೆ ಬಿದ್ದ ಬಟ್ಟೆ ಹೊಸ ನೋಟಿನ ಹಾಗೆ ಗರಿಗರಿ. ಅದಕ್ಕೇ ಬೀದಿಯವರೆಲ್ಲ ಅವನನ್ನು ಗರಿಗರಿಯಣ್ಣ ಅಂತಲೇ ಕರೀತಿದ್ದರು. ಮನುಷ್ಯ ಮಾತ್ರ ಬರಬರುತ್ತಾ ಮುದುಡಿಹೋಗಿದ್ದ. ಬೆಳಗ್ಗೆ ಖಾಲಿ ಹೊಟ್ಟೆಗೆ ಚಹಾ, ಆಮೇಲೆ ಬಿಸ್ಕತ್ತು, ಮತ್ತೆ ಚಹಾ. ನೀರು ಕುಡಿದರೆ ಕೆಲಸ ಬಿಟ್ಟು ಹೊರಗೆ ಹೋಗಬೇಕಲ್ಲ ಅಂತ ನೀರೂ ಇಲ್ಲ. ಅಂಗಡಿ ಮುಚ್ಚಿ ಮನೆಗೆ ಬಂದರೆ ಕುತ್ತಿಗೆಮಟ್ಟ ಉಂಡು, ಕೈ ತೊಳೆದವನೇ ಹಾಸಿಗೆಗೆ. ಎದೆ ಉರಿದರೆ ಔಷಧಿ ಅಂಗಡಿಯ ಮಾತ್ರೆ. ಶೌಚಕ್ಕೆ ಹೋದರೆ ತಿಣುಕಾಟ.

"ರೀ, ಹೊತ್ತಿಗೆ ಸರಿಯಾಗಿ ಉಣ್ಣಿ" ಅಂತ ಹೆಂಡತಿ ಹೇಳಿದರೆ ನಗುತ್ತಿದ್ದ. "ಹೊಟ್ಟೆ ಅಂದ್ರೆ ಚೀಲ ಕಣೇ. ಯಾವಾಗ ತುಂಬಿದ್ರೇನು?"

ಆವತ್ತು ಮಧ್ಯಾಹ್ನ. ಬಿಸಿಲು ಬಾಗಿಲಲ್ಲಿ ಮಲಗಿತ್ತು. ಬಟ್ಟೆಯಿಂದ ಆವಿ ಮೆಲ್ಲಗೆ ಏಳುತ್ತಿತ್ತು. ಗರಿಗರಿಯಣ್ಣನ ಕಣ್ಣಿಗೆ ಮೇಜಿನ ಮೇಲಿನ ಬಿಳಿ ಹಾಸು ಅಗಲವಾಗುತ್ತಾ ಹೋಗಿ ನದಿಯೇ ಆಯಿತು. ಅವನು ದೋಣಿಯಲ್ಲಿ ಮಲಗಿದ್ದ. ದೂರದಲ್ಲಿ ಯಾರೋ ಜೋಗುಳ ಹಾಡುತ್ತಿದ್ದರು. ಎಂಥ ಸುಖದ ನಿದ್ದೆ...

"ಅಯ್ಯೋ!"

ಕಣ್ಣು ಬಿಟ್ಟರೆ ಕಾದ ಇಸ್ತ್ರಿ ಪೆಟ್ಟಿಗೆ ನೆಲದ ಮೇಲೆ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿ ಪಾದ ಹಿಡಿದು ಕೂತಿದ್ದಳು.

ಅವಳನ್ನು ಕರಕೊಂಡು ಆಸ್ಪತ್ರೆಗೆ ಓಡಿದ. ಗಾಯಕ್ಕೆ ಪಟ್ಟಿ ಕಟ್ಟಿದವಳು ಅದೇ ಬೀದಿಯ ನರ್ಸಕ್ಕ.

"ಪುಣ್ಯಕ್ಕೆ ಮೇಲಿನ ಚರ್ಮ ಮಾತ್ರ ಸುಟ್ಟಿದೆ. ಅದ್ಸರಿ, ಹಾಡಹಗಲೇ ನಿನಗೆ ಯಾಕಪ್ಪ ತೂಕಡಿಕೆ?"

"ರಾತ್ರಿ ನಿದ್ದೆ ಇಲ್ಲ ಅಕ್ಕ. ಮಲಗಿದ್ರೆ ಹುಳಿತೇಗು, ಎದೆಯುರಿ."

"ನೀನು ಮಲಗೋ ಹೊತ್ತಿಗೆ ಹೊಟ್ಟೆಗೆ ಕೆಲಸ ಹಚ್ಚಿದ್ರೆ ಅದು ನಿನ್ನ ಮಲಗೋಕೆ ಬಿಡುತ್ತಾ?"

"ಹೊಟ್ಟೆಗೂ ತೂಕಡಿಕೆಗೂ ಎಲ್ಲಿಂದೆಲ್ಲಿಗೆ ಸಂಬಂಧ?"

"ಇದೆ ಕಣಪ್ಪ. ತಿಂದದ್ದು ಅರಗಿದ್ರೆ ತಾನೆ ಮೈಗೆ ಬಲ? ಊಟ ಕೆಟ್ಟರೆ ನಿದ್ದೆ ಕೆಡುತ್ತೆ. ನಿದ್ದೆ ಕೆಟ್ಟರೆ ಮನಸ್ಸು, ಕೈಯ ಹಿಡಿತ ಎಲ್ಲ ಕೆಡುತ್ತೆ. ಬೆಳಗ್ಗೆ ಏನಾದ್ರೂ ತಿಂದೇ ಕೆಲಸಕ್ಕೆ ನಿಲ್ಲು. ತಟ್ಟೆಯಲ್ಲಿ ಸೊಪ್ಪು, ಕಾಳು, ಹಣ್ಣು ಇರಲಿ. ಅದರಲ್ಲಿರೋ ನಾರು, ಕುಡಿಯೋ ನೀರು ಎರಡೂ ಸೇರಿದ್ರೆ ಶೌಚ ಸಲೀಸು. ರಾತ್ರಿ ಬೇಗ ಉಣ್ಣು, ಮಿತವಾಗಿ ಉಣ್ಣು. ನೀನಾಗಿ ಮಾತ್ರೆ ನುಂಗಬೇಡ. ಹೇಗೂ ಬಂದಿದ್ದೀಯ, ಡಾಕ್ಟರಿಗೂ ತೋರಿಸಿಕೊಂಡು ಹೋಗು."

ಡಾಕ್ಟರು ಪರೀಕ್ಷೆ ಮಾಡಿ, ದೊಡ್ಡ ಕಾಯಿಲೆ ಏನಿಲ್ಲ, ಊಟದ ಕ್ರಮ ಬದಲಾಗಬೇಕು ಅಂದರು. ಗರಿಗರಿಯಣ್ಣ ಹೆಂಡತಿಯ ಕಾಲು ನೋಡಿದ. "ಆಯ್ತು, ಬದಲಾಯಿಸ್ತೀನಿ" ಅಂದ.

ಮೊದಮೊದಲು ಕಷ್ಟವೇ ಆಯಿತು. ಸೊಪ್ಪು ಬಡಿಸಿದರೆ "ನಾನೇನು ಮೇಕೆಯಾ?" ಅಂದ. "ಮೇಕೆ ನಿಮ್ಮಷ್ಟು ಗೊಣಗಲ್ಲ" ಅಂದಳು ಅವಳು. ಆದರೂ ಉಂಡ. ದಿನ ಕಳೆದ ಹಾಗೆ ಎದೆಯುರಿ ತಗ್ಗಿತು, ಮೈ ಹಗುರಾಯಿತು. ಅವಳ ಗಾಯವೂ ಮಾಯಿತು. ಈಗ ಬೇಗ ಊಟ ಮುಗಿಸಿ ಇಬ್ಬರೂ ಮರಗಳ ಕೆಳಗೆ ನಿಧಾನಕ್ಕೆ ನಡೆಯುತ್ತಾರೆ. ಕಿಟಕಿಗಳಲ್ಲಿ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ. ಎಲ್ಲಿಂದಲೋ ಹೂವಿನ ವಾಸನೆ ತೇಲಿ ಬರುತ್ತದೆ.

ಒಂದು ಸಂಜೆ ಅವನು ಸುಮ್ಮನೆ ನಿಂತುಬಿಟ್ಟ.

"ಏನಾಯ್ತು ರೀ?"

"ಏನೂ ಇಲ್ಲ ಕಣೇ. ಎಲ್ಲೂ ಏನೂ ನೋಯ್ತಿಲ್ಲ ಅಂತ ಈಗ ಗೊತ್ತಾಯ್ತು."

ಕೇಳ್ತಿರೋ ಅಕ್ಕಂದಿರೇ, ಅಣ್ಣಂದಿರೇ, ನೀವು ಇವತ್ತು ಬೆಳಗ್ಗೆ ಏನು ತಿಂದಿರಿ? ಎಷ್ಟು ನೀರು ಕುಡಿದಿರಿ? ಎದೆಯುರಿ, ಮಲಬದ್ಧತೆ ಬಿಡದೆ ಕಾಡಿದರೆ, ಮಲದಲ್ಲಿ ರಕ್ತ ಕಂಡರೆ, ಸುಮ್ಮಸುಮ್ಮನೆ ತೂಕ ಇಳಿದರೆ, ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋಗಿ. ಮನೆಯವರನ್ನೆಲ್ಲ "ಊಟ ಆಯ್ತಾ?" ಅಂತ ವಿಚಾರಿಸುವವರು ನೀವು. ಅದೇ ಅಕ್ಕರೆಯಿಂದ ಒಂದು ಸಲ ನಿಮ್ಮ ಹೊಟ್ಟೆಯನ್ನೂ ಕೇಳಿ.