ಇನ್ನೂರ ಹನ್ನೆರಡು ಲೈನುಗಳೂ ಸುಸ್ಥಿತಿಯಲ್ಲಿವೆ

೧

ಎಲ್ಲಿಂದ ಶುರು ಮಾಡಲಿ? ಮೂರು ದಿನದಿಂದ ಇದೇ ಪೇಚಾಟ. ‘ಅವಳು ಫೈಲು ತೆರೆದಳು’ ಎಂದು ಬರೆದೆ. ನನಗೇ ಆಕಳಿಕೆ ಬಂತು. ‘ಬೆಟ್ಟದ ನೆತ್ತಿಯಲ್ಲಿ ತಂತಿಯೊಂದು ಒಂಟಿಯಾಗಿ ತೂಗುತ್ತಿತ್ತು’ ಎಂದು ಬರೆದೆ. ಕವಿತೆಯ ವಾಸನೆ ಬಡಿಯಿತು, ಹರಿದೆ. ಉಳಿದದ್ದು ಟೆಲಿಫೋನ್ ಬಿಲ್ಲು. ಈ ಕಥೆಯ ಪೇಟೆಯಲ್ಲಿ ಪ್ರತಿಯೊಬ್ಬರ ಬಿಲ್ಲಿನ ಕೊನೆಗೆ ‘ಸರ್ವಸೇವಾ ನಿಧಿ’ ಎಂಬ ಸಾಲೊಂದು ಇರುತ್ತದೆ. ಚಿಲ್ಲರೆ ಮೊತ್ತ, ಯಾರೂ ಓದುವುದಿಲ್ಲ. ಹಾಗೆ ಸೇರಿದ ಹಣವನ್ನು ಸರಕಾರದ ದೂರವಾಣಿ ಆಯೋಗ ಫೋನ್ ಕಂಪನಿಗೆ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಕಂಪನಿಯು ಬೆಟ್ಟದ ಹಳ್ಳಿಗಳಲ್ಲೂ ಪೇಟೆಯ ದರಕ್ಕೇ ಫೋನು ನಡೆಸಬೇಕು.

(ಏಳಬೇಡಿ, ಕೂತಿರಿ. ಪಾಠ ಮುಗಿಯಿತು. ಮುಂದೆ ಒಬ್ಬ ಅಣ್ಣ, ಒಬ್ಬಳು ತಂಗಿ, ಒಂದು ಸುಳ್ಳು ಇದೆ.)

೨

ಆ ಆಯೋಗದ ಮೂರನೇ ಮಹಡಿಯಲ್ಲಿ, ಜೆರಾಕ್ಸ್ ಯಂತ್ರಕ್ಕೂ ನೀರಿನ ಕ್ಯಾನಿಗೂ ನಡುವೆ ಕೂರುವ ನಲವತ್ತೇಳರ ಹೆಂಗಸು ಆದೇಶಗಳ ಕರಡು ಬರೆಯುತ್ತಾಳೆ. ಎದುರಿಗೆ ‘ಮೇಡಂ’, ಬೆನ್ನ ಹಿಂದೆ ‘ಕರಡಿ’. ಕರಡು ಬರೆಯುವವಳು ಕರಡಿ. ಕಚೇರಿಯ ಹಾಸ್ಯ ಅದಕ್ಕಿಂತ ಎತ್ತರಕ್ಕೆ ಏರುವುದಿಲ್ಲ. ಅವಳಿಗೆ ಅದು ಗೊತ್ತು. ಒಮ್ಮೆ ಜವಾನನ ಕೈಗೆ ಫೈಲು ಕೊಡುತ್ತ, “ಕರಡಿ ಕೊಡ್ತು ಅಂತ ಹೇಳಪ್ಪ” ಎಂದಿದ್ದಳು. ಆತ ವಾರವಿಡೀ ಅವಳ ಎದುರು ತಲೆಯೆತ್ತಲಿಲ್ಲ. ನಾವು ಕರಡಕ್ಕ ಎನ್ನೋಣ. ಅವಳು ಒಪ್ಪಿದ್ದಾಳೆ.

ಆ ವರ್ಷ ಕಂಪನಿ ಒಂದು ಅರ್ಜಿ ಹಾಕಿತು. ಬೆಟ್ಟದ ಮೇಲಿನ ಇನ್ನೂರ ಹನ್ನೆರಡು ಲೈನುಗಳಿಂದ ನಷ್ಟವಾಗುತ್ತಿದೆ. ನಿಧಿಯಿಂದ ಇನ್ನೂ ಹೆಚ್ಚು ಕೊಡಿ, ಇಲ್ಲವೇ ಅಲ್ಲಿನ ದರವನ್ನು ಮೂರು ಪಟ್ಟು ಮಾಡಲು ಬಿಡಿ. ಅದರ ಬಗ್ಗೆ ಸಾರ್ವಜನಿಕ ವಿಚಾರಣೆ ಇಟ್ಟರು. ಕುರ್ಚಿ ನೂರು, ಜನ ಹದಿಮೂರು. ಹದಿಮೂರರಲ್ಲಿ ನಾಲ್ವರು ಫ್ಯಾನಿನ ಗಾಳಿಗೆ ಬಂದವರು.

೩

ಮೈಕಿನ ಮುಂದೆ ಬಂದವಳು ಬೆಟ್ಟದ ಆರೋಗ್ಯ ಉಪಕೇಂದ್ರದ ನರ್ಸು. ಚಪ್ಪಲಿಗೆ ಮೆತ್ತಿದ ಕೆಸರು ಒಣಗಿತ್ತು.

“ದರ ಏರಿಸ್ತೀರೋ ಇಳಿಸ್ತೀರೋ ನನಗೆ ತಿಳಿಯಲ್ಲ. ಹೋದ ವರ್ಷ ನನ್ನ ಫೋನು ನಾಲ್ಕು ತಿಂಗಳು ಸತ್ತಿತ್ತು. ಒಂದು ಹೆರಿಗೆ ಕೇಸು, ರಕ್ತ ನಿಲ್ತಾ ಇರಲಿಲ್ಲ. ಆಂಬ್ಯುಲೆನ್ಸ್ ಕರೆಯೋಕೆ ಅವಳ ಗಂಡ ಓಡ್ಕೊಂಡು ಇಳಿದ. ಒಂಬತ್ತು ಮೈಲಿ.”

ಕಂಪನಿಯ ವಕೀಲ ಮೆಲ್ಲಗೆ ಕೇಳಿದ: “ಮೊಬೈಲ್ ಇರಲಿಲ್ವಾ ಸಿಸ್ಟರ್?”

“ಇತ್ತು. ನಮ್ಮ ಕಡೆ ಮೊಬೈಲು ಅಂದ್ರೆ ಟಾರ್ಚು, ಸ್ವಾಮಿ. ಅದರ ಬೆಳಕಲ್ಲೇ ಹೆರಿಗೆ ಮಾಡಿಸಿದ್ದು.”

ಯಾರೋ ನಕ್ಕರು. ನರ್ಸು ಅವರ ಕಡೆ ತಿರುಗಿದಳು. “ಮಗು ಉಳೀತು. ತಾಯಿ ಉಳೀಲಿಲ್ಲ.”

ವಕೀಲ ಕಾಗದ ಮಗುಚಿಕೊಂಡು ಕೇಳಿದ: “ಈಗ ನಿಮ್ಮ ಲೈನು ಸರಿ ಇದೆ ತಾನೆ?”

“ಇದೆ. ಆಮೇಲೆ ಲೈನ್‌ಮ್ಯಾನ್ ಎಲ್ಲಿಂದಲೋ ತಂತಿ ತಂದು ಎಳೆದ. ಎಲ್ಲಿಂದ ಅಂದ್ರೆ ಬಾಯಿ ಬಿಡಲ್ಲ.”

೪

ಕರಡಕ್ಕ ಮರುದಿನ ಬೆಳಿಗ್ಗೆ ಅರ್ಜಿಯ ಅನುಬಂಧಗಳನ್ನು ಬಿಡಿಸಿ ಕೂತಳು. ನಿಧಿಯ ಹಣ ಪಡೆಯಬೇಕಾದರೆ ಪ್ರತಿ ತಿಂಗಳೂ ಒಂದು ಪ್ರಮಾಣಪತ್ರ ಕೊಡಬೇಕು. ನರ್ಸು ಹೇಳಿದ ನಾಲ್ಕು ತಿಂಗಳುಗಳ ಹಾಳೆಗಳನ್ನು ಹುಡುಕಿದಳು. ನಾಲ್ಕರಲ್ಲೂ ಒಂದೇ ವಾಕ್ಯ: ‘ಇನ್ನೂರ ಹನ್ನೆರಡು ಲೈನುಗಳೂ ಸುಸ್ಥಿತಿಯಲ್ಲಿವೆ.’ ಕೆಳಗೆ ಸ್ಥಳೀಯ ಲೈನ್‌ಮ್ಯಾನ್‌ನ ಸಹಿ.

ಹೆಸರು ಓದುವ ಮೊದಲೇ ಆ ಸಹಿಯ ಗುರುತು ಅವಳಿಗೆ ಸಿಕ್ಕಿತು. ಕೊನೆಯ ಅಕ್ಷರದ ಬಾಲವನ್ನು ಗಾಳಿಪಟದ ಬಾಲದಂತೆ ಎಳೆದು ಬಿಡುವ ಸಹಿ. ಅಪ್ಪ ಇಲ್ಲದ ಮನೆಯಲ್ಲಿ ಅವಳ ಶಾಲೆಯ ಅಂಕಪಟ್ಟಿಗಳ ಮೇಲೆ, ‘ಪೋಷಕರು’ ಎಂಬಲ್ಲಿ, ಆರು ವರ್ಷ ಬಿದ್ದದ್ದು ಅದೇ ಸಹಿ.

ಅವಳ ಅಣ್ಣ ಬೆಟ್ಟದ ಕಡೆ ಇದ್ದಾನೆಂದು ಅವಳಿಗೆ ಗೊತ್ತಿತ್ತು. ಆದರೆ ಆತನ ವಲಯ ಆಚೆ ಬದಿಯದು ಎಂದುಕೊಂಡಿದ್ದಳು. ವಲಯಗಳನ್ನು ಎರಡು ವರ್ಷದ ಹಿಂದೆ ಒಂದುಗೂಡಿಸಿದ್ದರು. ಆ ಆದೇಶದ ಕರಡೂ ಅವಳದೇ.

೫

ಇಲ್ಲಿ ನನಗೂ ಅವಳಿಗೂ ಜಗಳವಾಯಿತು. ನನ್ನ ಯೋಜನೆಯ ಪ್ರಕಾರ ಅವಳು ಆ ನಾಲ್ಕು ಹಾಳೆ ಹರಿದು, ಚೂರುಗಳನ್ನು ಪರ್ಸಿಗೆ ಹಾಕಿಕೊಂಡು, ನಡುಗುವ ಕೈಯಲ್ಲಿ ನೀರು ಕುಡಿಯಬೇಕಿತ್ತು. ಒಳ್ಳೆಯ ದೃಶ್ಯ. ಕ್ಯಾನನ್ನು ಪಕ್ಕದಲ್ಲೇ ಇಟ್ಟಿದ್ದೆ.

“ಹರಿಯಲ್ಲ” ಎಂದಳು.

“ಯಾಕೆ? ಅಣ್ಣ ಅಲ್ವಾ?”

“ಪುಟ ಸಂಖ್ಯೆ ತಪ್ಪತ್ತೆ. ಇಂಡೆಕ್ಸ್ ನಾನೇ ಮಾಡಿದ್ದು.”

“ಅಣ್ಣ ಮುಖ್ಯಾನೋ, ಪುಟ ಸಂಖ್ಯೆ ಮುಖ್ಯಾನೋ?”

“ಹಾಳೆ ಹರಿಯೋದು ನಿಮಗೆ ಅಭ್ಯಾಸ, ನೀವು ಕಥೆ ಬರೆಯೋರು. ನನಗೆ ಶನಿವಾರ ಬೆಟ್ಟಕ್ಕೆ ಬಸ್ ಎಷ್ಟೊತ್ತಿಗೆ ಅಂತ ಹೇಳಿ, ಸಾಕು.”

(ಆರೂವರೆಗೆ. ಕಿಟಕಿಯಾಚೆಯ ಪ್ರಕೃತಿವರ್ಣನೆಯನ್ನು ಎರಡು ಪುಟ ಬರೆದಿದ್ದೆ, ತೆಗೆದುಹಾಕಿದ್ದೇನೆ. ತಿರುವುಗಳಲ್ಲಿ ಅವಳಿಗೆ ಎರಡು ಸಲ ವಾಂತಿಯಾಯಿತು, ಪ್ರಕೃತಿಯನ್ನು ನೋಡಲಿಲ್ಲ.)

೬

ಅಣ್ಣ ಕಂಬದ ಮೇಲಿದ್ದ. ಐವತ್ತೈದು ದಾಟಿದವನು, ಸೊಂಟಕ್ಕೆ ಚರ್ಮದ ಪಟ್ಟಿ ಬಿಗಿದು, ಬಾಯಲ್ಲಿ ತಂತಿಯ ತುಂಡು ಕಚ್ಚಿಕೊಂಡು ಕೆಲಸ ಮಾಡುತ್ತಿದ್ದ. ತಂಗಿಯನ್ನು ಕಂಡ ಕೂಡಲೇ ಅದನ್ನು ಉಗುಳಿದ.

“ಏನೇ ಇದು, ಹೇಳ್ದೆ ಕೇಳ್ದೆ? ಮನೇಲಿ ಎಲ್ಲ ಚೆನ್ನಾಗಿದಾರಾ?”

“ಚೆನ್ನಾಗಿದಾರೆ. ಇಳಿ ಅಣ್ಣ.”

ಆ ದನಿಯಲ್ಲಿ ಅವಳು ಅವನನ್ನು ಎಂದೂ ಕರೆದಿರಲಿಲ್ಲ. ಆತ ಇಳಿದು, ಪಟ್ಟಿ ಬಿಚ್ಚಿ, ಕಂಬದ ಬುಡದಲ್ಲೇ ಕುಳಿತ. ಅವಳು ನಾಲ್ಕು ಹಾಳೆಗಳ ನಕಲನ್ನು ಮುಂದಿಟ್ಟಳು. ಆತ ಓದಲಿಲ್ಲ.

“ನಿಜವಾಗಿ ಎಷ್ಟು ಲೈನ್ ಓಡ್ತಿವೆ?”

“ತೊಂಬತ್ತೇಳು. ನಿನ್ನೆ ತೊಂಬತ್ತಾರು. ಈಗ ಒಂದು ಎತ್ತಿದೆ.”

“ಇನ್ನೂರ ಹನ್ನೆರಡು ಅಂತ ಸಹಿ ಹಾಕಿದೀಯಲ್ಲ!”

“ಬರೆದು ಕಳಿಸೋರು ಕಂಪನಿಯವರು, ಹಾಕೋನು ನಾನು. ಮೊದಲನೇ ಸಲ ಹಾಕಲ್ಲ ಅಂದೆ. ಮೇಲಿನವರು ಏನಂದ್ರು ಗೊತ್ತಾ? ಸರಿ, ನಿಜವಾದ ಲೆಕ್ಕಾನೇ ಕಳಿಸ್ತೀವಿ, ಆಯೋಗ ಹಣ ನಿಲ್ಲಿಸತ್ತೆ, ನಾವು ಇಡೀ ಬೆಟ್ಟದ ಲೈನ್ ಬಿಚ್ಚಿ ಗುಜರಿಗೆ ಹಾಕ್ತೀವಿ ಅಂದ್ರು. ಹೊಸ ತಂತಿ ಒಂದು ಮೊಳಾನೂ ಕೊಡಲ್ಲ. ಸತ್ತ ಲೈನಿಂದ ಕಿತ್ತು ಬದುಕಿರೋದಕ್ಕೆ ಕಟ್ತೀನಿ.”

“ಆ ಹೆಂಗಸು ಹೋದಳಲ್ಲ, ಆ ತಿಂಗಳು?”

ಆತ ಪಟ್ಟಿಯ ಬಕಲನ್ನು ಒತ್ತುತ್ತ, ಬಿಡುತ್ತ ಕೂತ.

“ಆ ತಿಂಗಳೂ ಹಾಕಿದೆ” ಎಂದ.

ಅವಳು ಅತ್ತಳು. ಸಿಟ್ಟಿಗೆ ಬಂದ ಅಳು. “ನನಗೆ ಒಂದು ಮಾತು ಹೇಳಬಾರದಿತ್ತಾ? ಅದೇ ಕಚೇರೀಲಿ ಕೂತಿದೀನಿ ನಾನು!”

“ಅದಕ್ಕೇ ಹೇಳಲಿಲ್ಲ. ಹೇಳಿದ್ರೆ ನೀನೂ ಸಿಕ್ಕಿಹಾಕೋತಿದ್ದೆ. ಈಗೇನ್ ಮಾಡ್ತೀಯ?”

“ಸೋಮವಾರ ಅಧ್ಯಕ್ಷರಿಗೆ ತೋರಿಸ್ತೀನಿ.”

“ತೋರಿಸು” ಎಂದ ಅಣ್ಣ. ಪಟ್ಟಿ ಎತ್ತಿಕೊಳ್ಳುತ್ತ, “ಊಟ ಮಾಡ್ಕೊಂಡು ಹೋಗ್ತೀಯಾ?”

ಅವಳು ಊಟ ಮಾಡದೆ ಹೊರಟಳು. ಮಧ್ಯಾಹ್ನದ ಬಸ್ಸಿಗೆ ಎರಡು ಗಂಟೆ ಕಾದಳು. ಆ ಹೊತ್ತಿಡೀ ಆತ ರಸ್ತೆಯ ಆಚೆ ಬದಿಯಲ್ಲಿ, ಏನೂ ಕೆಲಸವಿಲ್ಲದ ಒಂದು ಕಂಬಕ್ಕೆ ಒರಗಿ ನಿಂತಿದ್ದ.

೭

ಸೋಮವಾರ. ಅಧ್ಯಕ್ಷರು ನಿವೃತ್ತಿಗೆ ಐದು ತಿಂಗಳಿರುವ ಸಜ್ಜನರು. ಹಾಳೆಗಳನ್ನು ನೋಡಿದರು, ಸಹಿ ಯಾರದೆಂದು ಅವಳಿಂದ ಕೇಳಿ ತಿಳಿದು ಕನ್ನಡಕ ತೆಗೆದರು.

“ಈ ಅಂಶ ಕರಡಲ್ಲಿ ಬರದೇ ಹೋದ್ರೂ ನಡೆಯತ್ತೆ ಅಲ್ವಾ ತಾಯಿ? ವಿಷಯ ದರದ್ದು.”

“ದರ ನಿಂತಿರೋದೇ ಆ ಲೆಕ್ಕದ ಮೇಲೆ ಸರ್. ಪೇಟೆಯವರು ಓಡದ ಲೈನಿಗೆ ಹಣ ಕೊಡ್ತಿದಾರೆ. ಬೆಟ್ಟದವರಿಗೆ ಲೈನೂ ಇಲ್ಲ.”

“ಬರೆದ್ರೆ ನಿಮ್ಮ ಅಣ್ಣ ಹೋಗ್ತಾರೆ. ಕಂಪನಿ ಅವರ ತಲೆಗೇ ಕಟ್ಟತ್ತೆ.”

“ಗೊತ್ತು ಸರ್. ಅದಕ್ಕೇ ನಾನು ಬರೆಯೋ ಹಾಗಿಲ್ಲ. ಈ ಕೇಸಿಂದ ನನ್ನ ಬಿಡಿಸಿ.” ಅವಳು ಬರೆದು ತಂದಿದ್ದ ಪತ್ರ ಕೊಟ್ಟಳು. ನಾಲ್ಕೇ ಸಾಲು. ಇಪ್ಪತ್ತೆರಡು ವರ್ಷದಲ್ಲಿ ತನ್ನ ಪರವಾಗಿ ಅವಳು ಬರೆದ ಮೊದಲ ಕಾಗದ ಅದು, ಅದರಲ್ಲೂ ಒಂದು ಅಕ್ಷರ ತಪ್ಪಿತ್ತು.

ಓದುಗರೇ, ಕಥೆ ಇಲ್ಲಿ ನನ್ನ ಕೈಯಲ್ಲಿದೆ ಎಂದುಕೊಂಡು ಎರಡು ಅಂತ್ಯ ಸಿದ್ಧಮಾಡಿದ್ದೆ.

ಅಂತ್ಯ ಅ: ಅಧ್ಯಕ್ಷರ ಮನ ಕರಗಿ ನಿಧಿ ಇಮ್ಮಡಿಯಾಗುತ್ತದೆ, ಬೆಟ್ಟದ ತುಂಬ ಫೋನು ಗಣಗಣ. (ನಾನೇ ನಂಬಲಿಲ್ಲ. ನಿಮಗೇಕೆ ದಾಟಿಸಲಿ?)

ಅಂತ್ಯ ಆ: ಅಣ್ಣ ಊರು ಬಿಟ್ಟು ಹೋಗುತ್ತಾನೆ, ತಂಗಿ ಬಸ್ ನಿಲ್ದಾಣಗಳಲ್ಲಿ ಹುಡುಕುತ್ತಾಳೆ. (ಇದನ್ನು ಓದಿ ಕರಡಕ್ಕ, “ನಮ್ಮಣ್ಣನಿಗೆ ಕಂಬ ಬಿಟ್ಟು ಇನ್ನೆಲ್ಲಿಗೆ ಹೋಗೋಕೆ ಬರತ್ತೆ?” ಎಂದಳು.)

ಯಾವುದನ್ನು ಇಡಲಿ ಎಂದು ನಾನು ತೂಗಿನೋಡುತ್ತಿರುವಾಗಲೇ, ಎರಡನೇ ವಿಚಾರಣೆಯ ದಿನ, ನಾನು ಕರೆಯದ ಒಬ್ಬ ಮನುಷ್ಯ ಸಭಾಂಗಣದ ಬಾಗಿಲು ತಳ್ಳಿಕೊಂಡು ಬಂದ.

೮

ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡಿದ್ದ. ಅದು ಮುಂದೆ ಕೂಡುತ್ತಿರಲಿಲ್ಲ. ಮೈಕು ಎತ್ತರವಾಯಿತೆಂದು ತಾನೇ ಅದರ ತಿರುಪು ಸಡಿಲಿಸಿ ಇಳಿಸಿಕೊಂಡ. ಕೈಗೆ ಬಂದ ಕೆಲಸ.

“ನಾನು ಬೆಟ್ಟದ ಲೈನ್‌ಮ್ಯಾನ್. ಆ ಪತ್ರಗಳಲ್ಲಿ ಇರೋದು ನನ್ನ ಸಹಿ. ಬರೆದಿರೋದು ಸುಳ್ಳು.”

ವಕೀಲ ಎದ್ದ. “ಅಂದ್ರೆ ನೀವು ಕಂಪನಿಗೇ ಮೋಸ ಮಾಡಿದ್ರಿ.”

“ಕಂಪನಿಗೆ ಗೊತ್ತಿಲ್ದೇ ಇದ್ದಿದ್ರೆ ಮೋಸ ಆಗ್ತಿತ್ತು. ತಂತಿ ಕೊಡಿ ಅಂತ ಹದಿನೇಳು ಸಲ ಬರೆದಿದೀನಿ. ನಕಲು ಇಲ್ಲಿದೆ.” ಕೋಟಿನ ಒಳಜೇಬಿನಿಂದ ಮಡಿಚಿದ ಕಾಗದಗಳ ಕಟ್ಟು ತೆಗೆದ. ಆಮೇಲೆ ಸಭೆಯಲ್ಲಿ ಯಾರನ್ನೋ ಹುಡುಕಿದ. ಕರಡಕ್ಕ ಆವತ್ತು ವೇದಿಕೆಯ ಕೆಳಗೆ, ಜನರ ಕುರ್ಚಿಯಲ್ಲಿ, ಹಿಂದಿನ ಸಾಲಿನಲ್ಲಿದ್ದಳು. ಆತ ಹುಡುಕಿದ್ದು ಅವಳನ್ನಲ್ಲ, ನರ್ಸನ್ನು.

“ಸಿಸ್ಟರ್, ನಿಮ್ಮ ಲೈನ್ ಸತ್ತಿದೆ ಅಂತ ಮೊದಲನೇ ವಾರಾನೇ ನನಗೆ ಗೊತ್ತಿತ್ತು. ತಂತಿ ಬರತ್ತೆ ಅಂತ ಕಾದೆ. ಕಾಯಬಾರದಿತ್ತು.”

ಕ್ಷಮಿಸಿದೆ ಎನ್ನುವ ಹಾಗೆ ತಲೆಯಾಡಿಸು ಎಂದು ನಾನು ನರ್ಸನ್ನು ಎಷ್ಟು ಕೇಳಿಕೊಂಡರೂ ಆಡಿಸಲಿಲ್ಲ.

೯

ಬೇರೆಯವರು ಬರೆದ ಆದೇಶ ಹೀಗೆ ಬಂತು: ಬೆಟ್ಟದ ದರ ಆರು ತಿಂಗಳು ಹಳೆಯದೇ ಇರಲಿ. ನಿಧಿಯ ಹಣ ಇನ್ನು ಓಡುವ ಲೈನಿಗೆ ಮಾತ್ರ, ಎಣಿಸಿ ಕೊಡಲಿ. ಪ್ರತಿ ಮನೆಗೂ ಹೋಗಿ ತಪಾಸಣೆಯಾಗಲಿ. ನಿಂತ ಲೈನನ್ನು ಮತ್ತೆ ಓಡಿಸಲು ಕಂಪನಿಗೆ ತೊಂಬತ್ತು ದಿನ. ಓಡಿಸದಿದ್ದರೆ ಆ ಮನೆಯ ಸಂಪರ್ಕ ರದ್ದು, ಕಂಪನಿಗೆ ದಂಡ. ಕಂಪನಿ ಅದೇ ಸಂಜೆ ಅಣ್ಣನನ್ನು ಅಮಾನತು ಮಾಡಿತು. ಕರಡಕ್ಕನನ್ನು ದಾಖಲೆ ವಿಭಾಗಕ್ಕೆ ಹಾಕಿದರು. ಅಲ್ಲಿ ಫ್ಯಾನಿಲ್ಲ, ಕಿಟಕಿ ಇದೆ.

ಅಣ್ಣ, ತಂಗಿ ಆರು ವಾರ ಮಾತಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನರ್ಸು ಉಪಕೇಂದ್ರದಿಂದ ಕರಡಕ್ಕನಿಗೆ ಫೋನು ಮಾಡಿದಳು: “ನಾಳೆ ತಪಾಸಣೆಯವರು ಬರ್ತಾರಂತೆ. ನಿಮ್ಮಣ್ಣ ದಾರಿ ತೋರಿಸ್ತೀನಿ ಅಂದಿದಾನೆ, ಸಂಬಳ ಇಲ್ಲ ಏನಿಲ್ಲ. ನೀವು ಬಂದ್ರೆ ಬನ್ನಿ. ನಾನು ಹೇಳಿದೆ ಅಂತ ಹೇಳಬೇಡಿ.”

ಕರಡಕ್ಕ ರಜೆ ಹಾಕಿ ಹೋದಳು.

೧೦

ತಪಾಸಣಾಧಿಕಾರಿ ಸಣ್ಣ ವಯಸ್ಸಿನವನು, ಹೊಸ ಬೂಟು ಕಚ್ಚಿ ಕುಂಟುತ್ತಿದ್ದ. ಅವನ ಫಾರ್ಮಿನಲ್ಲಿ ಮನೆಗೊಂದು ಸಾಲು, ಸಾಲಿಗೆ ಎರಡು ಖಾನೆ: ಓಡುತ್ತಿದೆ, ಓಡುತ್ತಿಲ್ಲ. ಅಣ್ಣ ಮುಂದೆ, ಅವನು ಹಿಂದೆ. ಕರಡಕ್ಕ ಇಪ್ಪತ್ತು ಹೆಜ್ಜೆ ಬಿಟ್ಟು ನಡೆದಳು, ಯಾವ ಮನೆಯ ಹೊಸ್ತಿಲನ್ನೂ ದಾಟಲಿಲ್ಲ. ಅಣ್ಣ ಅವಳನ್ನು ನೋಡಿದ್ದ. ಮಾತಾಡಿರಲಿಲ್ಲ. ಒಂದು ಜಾರುವ ಕಡೆ ಮಾತ್ರ ತಿರುಗಿ ನಿಂತು, ಅವಳು ದಾಟುವವರೆಗೆ ಕಾದಿದ್ದ.

ಅರವತ್ತೊಂದನೆಯ ಮನೆ ದರ್ಜಿಯಮ್ಮನದು. ಬಾಗಿಲಲ್ಲೇ ಹೊಲಿಗೆ ಯಂತ್ರ, ಪಕ್ಕದ ಸ್ಟೂಲಿನ ಮೇಲೆ ಕಪ್ಪು ಫೋನು, ಅದಕ್ಕೆ ಕಸೂತಿ ಹಾಕಿದ ಹೊದಿಕೆ. ಹೊರಗೋಡೆಯಲ್ಲಿ ತಂತಿ ಒಳಗೆ ಹೋಗಬೇಕಾದ ತೂತನ್ನು ಬಟ್ಟೆಯ ಚೂರಿನಿಂದ ಮುಚ್ಚಿದ್ದನ್ನು ಕರಡಕ್ಕ ನೋಡಿದಳು. ಅಣ್ಣ ಆ ಕಡೆ ನೋಡದಿದ್ದುದನ್ನೂ ನೋಡಿದಳು. ನರ್ಸಿಗೆ ಎಳೆದ ತಂತಿ ಯಾವ ಮನೆಯದೆಂದು ಅವಳಿಗೆ ಆಗ ಹೊಳೆಯಿತು.

ಅಧಿಕಾರಿ ಬಾಯಿ ತೆರೆಯುವ ಮೊದಲೇ ದರ್ಜಿಯಮ್ಮ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಿದ್ದಳು.

“ಹಾಂ, ಹೇಳಿ... ತೋಳು ಎಷ್ಟಂದ್ರಿ? ಹದಿನೆಂಟೂವರೇನಾ?” ಪುಸ್ತಕ ತೆಗೆದು ಬರೆದುಕೊಂಡಳು. “ಎದೆ? ಮೂವತ್ತಾರು. ಕಾಲರ್ ಬೇಡ್ವಾ? ಒಂದ್ನಿಮಿಷ ಇರಿ, ಫೋನ್ ನೋಡೋಕೆ ಸಾಹೇಬರು ಬಂದಿದಾರೆ. ಹೂಂ, ಹೂಂ, ಗಂಟೆ ಹೊಡೆದ ಹಾಗೆ ಕೇಳ್ತಿದೆ. ಇದನ್ನ ಯಾಕೆ ತಗೊಂಡು ಹೋಗ್ತಾರೆ? ತಗೊಂಡು ಹೋಗಲ್ಲ.”

ಅವಳ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಪೆನ್ಸಿಲ್ ಇನ್ನೂ ಬರೆಯುತ್ತಿತ್ತು. ಬಾಯಲ್ಲಿ ಅಳತೆ ಮುಗಿದಿದ್ದರೂ ಬರೆಯುತ್ತಿತ್ತು.

“ಕೊಡಿ ಇಲ್ಲಿ” ಎಂದ ಅಧಿಕಾರಿ.

ರಿಸೀವರನ್ನು ಕಿವಿಗಿಟ್ಟುಕೊಂಡ. ಬಹಳ ಹೊತ್ತು ಇಟ್ಟುಕೊಂಡ. ಒಂದು ಸಲ ಕಾಲು ಬದಲಿಸಿ ನಿಂತ. ದರ್ಜಿಯಮ್ಮನ ಪುಸ್ತಕ ನೋಡಿದ, ತೂತಿನ ಬಟ್ಟೆ ನೋಡಿದ. ಆಮೇಲೆ ರಿಸೀವರನ್ನು ಅಣ್ಣನ ಕಡೆ ಚಾಚಿದ.

“ನಿಮಗಂತೆ.”

(ಇಲ್ಲಿ ಮೂರನೇ ಅಂತ್ಯ ಬೇಕು, ಗೊತ್ತು. ‘ಓಡುತ್ತಿಲ್ಲ’ ಎಂದರೆ ಕಂಪನಿ ತೊಂಬತ್ತು ದಿನದಲ್ಲಿ ತಂತಿ ಎಳೆಯಬೇಕು. ಎಳೆಯುವ ಬದಲು ದಂಡ ಕಟ್ಟಿ ಫೋನನ್ನು ಹೊತ್ತುಕೊಂಡು ಹೋಗಲೂಬಹುದು. ‘ಓಡುತ್ತಿದೆ’ ಎಂದರೆ ಮತ್ತೊಂದು ಸುಳ್ಳು. ಫೋನಂತೂ ಸ್ಟೂಲಿನ ಮೇಲೆ ಇರುತ್ತದೆ. ನಾನು ಎರಡನ್ನೂ ಬರೆದು ನೋಡಿದೆ. ಎರಡನ್ನೂ ಕರಡಕ್ಕನಿಗೆ ತೋರಿಸಿದೆ. ಅವಳು ಓದಲಿಲ್ಲ, ಬಾಗಿಲ ಕಡೆಯಿಂದ ಕಣ್ಣು ಕೀಳದೆ, “ಸ್ವಲ್ಪ ಸುಮ್ಮನಿರಿ” ಎಂದಳು.)

ಅಣ್ಣ ಅಂಗಿಗೆ ಕೈ ಒರೆಸಿಕೊಂಡು ರಿಸೀವರ್ ತೆಗೆದುಕೊಂಡ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ. ದರ್ಜಿಯಮ್ಮ ಹೊದಿಕೆಯನ್ನು ಮುದುಡಿ ಹಿಡಿದಿದ್ದಳು. ಕರಡಕ್ಕ ಆ ದಿನ ಮೊದಲ ಸಲ ಒಂದು ಹೊಸ್ತಿಲ ಮೇಲೆ ಕಾಲಿಟ್ಟಳು.

“ಹಲೋ” ಎಂದ ಅಣ್ಣ.

ಲೈನ್‌ಮ್ಯಾನ್‌ಗಳು ತಂತಿಯಲ್ಲಿ ಜೀವ ಇದೆಯೇ ಎಂದು ನೋಡುವಾಗಲೂ ಹಾಗೆಯೇ ಅನ್ನುತ್ತಾರೆ.