ಸರ್ಮನ್ ಮಾಸ್ತರರ ಮಗಳು

ತುಳಸಿ ನೀರಿನ ತಂಬಿಗೆಯನ್ನು ಕೈಗೆ ಕೊಟ್ಟು, ಕಾಶಿ ಅತ್ತೆ ನೀತಾಳನ್ನು ಅಪ್ಪನ ಹೆಣದ ತಲೆಯ ಹತ್ತಿರ ಕೂರಿಸಿದಳು. ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು. ತಮ್ಮ ನಿತೇಶ ಬೆಂಕಿಯ ಮಡಕೆ ಹಿಡಿದುಕೊಂಡು ಅಕ್ಕನನ್ನೇ ನೋಡುತ್ತಿದ್ದ.

“ಅಪ್ಪಾ ಅಂತ ಬಾಯ್ತುಂಬ ಕರಿ ಮಗಾ. ಮಾತ್ ಬಿಟ್ಟವ್ರು ಮಾತಾಡ್ಸದೆ ಎತ್ತೂಕಾಗೂದಿಲ್ಲ,” ಅಂದಳು ಕಾಶಿ.

ಆ ಮನೆಯ ಪದ್ಧತಿಯೇ ಹಾಗೆ. ಸತ್ತವರೊಡನೆ ಮಾತು ಬಿಟ್ಟವರು ಯಾರಿದ್ದರೂ ಮೊದಲು ಬಂದು ಬಾಯಿಗೆ ನೀರು ಬಿಡಬೇಕು, ಕರೆದು ಮಾತಾಡಿಸಬೇಕು. ದೇವಿದಾಸ ಮಾಸ್ತರರ ಜೊತೆ ಮಾತು ಬಿಟ್ಟವಳು ಇಡೀ ಮಂಜಗುಣಿಗೆ ಒಬ್ಬಳೇ, ಅವರ ಮಗಳು. ನೀತಾ ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡು ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡಳು.

“ಭರತಿ ಏರೂಕ್ ಸುರು ಆಯ್ತು,” ಅಂದ ಪಕ್ಕದ ಮನೆಯ ಜಟ್ಟ. ಸ್ಮಶಾನವಿದ್ದದ್ದು ಹೊಳೆಯಂಚಿನಲ್ಲಿ, ಕಡಲುಬ್ಬರದ ಭರತಿ ನೀರು ತುಂಬಿದರೆ ಸಂಜೆಯವರೆಗೆ ಅಲ್ಲಿಗೆ ದಾರಿಯಿಲ್ಲ.

“ಮಾಸ್ತರ್ರು ಬದ್ಕಿದ್ರೆ ಈಗ ಸಾವಿನ ಮೇಲೇ ಒಂದ್ ತಾಸು ಹೇಳ್ತಿದ್ರು,” ಅಂದ ಅವರ ಹಳೆಯ ವಿದ್ಯಾರ್ಥಿ ಕೇಶವ.

ಯಾರೂ ನಗಲಿಲ್ಲ, ಆದರೆ ಸುಳ್ಳೇನೂ ಅಲ್ಲ. ಅಂಕೋಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮಾಸ್ತರರ ಬಾಯಿಗೆ ಸಿಕ್ಕಿದವರು ಕಾರವಾರದ ಬಸ್ಸಿನ ಆಸೆ ಬಿಡಬೇಕಿತ್ತು. ಮೀನಿನ ಬೊಮ್ಮಿಯನ್ನೂ ನಿಲ್ಲಿಸಿಕೊಂಡು, ಬಂಗಡೆ ಹಳಸುವವರೆಗೆ ಪ್ರಾಮಾಣಿಕತೆಯ ಬಗ್ಗೆ ಹೇಳಿದವರು ಅವರು. ಹುಡುಗರು ಬೆನ್ನ ಹಿಂದೆ ಸರ್ಮನ್ ಮಾಸ್ತರ ಎನ್ನುತ್ತಿದ್ದರು.

*

ಎರಡು ಸಾವಿರದ ಮೂರನೆಯ ಇಸವಿಯ ಮಳೆಗಾಲ. ಹೊಟ್ಟೆಯಲ್ಲೇ ಸತ್ತ ಮಗುವನ್ನು ಹೆತ್ತು, ಕದ್ವಾಡದ ಗಂಡನ ಮನೆಯಿಂದ ನೀತಾ ಅಪ್ಪನ ಹತ್ತಿರ ಬಂದಿದ್ದಳು. ಅಮ್ಮ ಇಲ್ಲದ ಮನೆ. ಅಪ್ಪನಿಗೆ ಮಾತ್ರ ಹೇಳುವಂಥ ಒಂದು ಮಾತಿತ್ತು ಅವಳಲ್ಲಿ. ಜಗಲಿಯಲ್ಲಿ ಕೂತು ಬಾಯಿ ತೆಗೆಯುವಷ್ಟರಲ್ಲಿ ಮಾಸ್ತರರು ಶುರು ಹಚ್ಚಿಕೊಂಡರು. ದುಃಖವನ್ನು ಹೇಗೆ ಗೆಲ್ಲಬೇಕು, ಧೈರ್ಯ ಎಂದರೇನು, ಕರ್ತವ್ಯ ಎಂದರೇನು.

“ಅಪ್ಪಾ, ನಿನ್ನ ಸರ್ಮನ್ ಸಾಕು ಮಾಡು.”

ಶಬ್ದ ಕಿವಿಗೆ ಬಿದ್ದದ್ದೇ ತಡ, ಮಾಸ್ತರರಿಗೆ ಮಗಳು ಮರೆತುಹೋದಳು.

“ಸರ್ಮನ್ ಅಂದ್ರೆ ಉಪದೇಶ ಅಂತ ಎಲ್ರೂ ತಿಳ್ಕಂಡಾರೆ. ಮೂಲದಲ್ಲಿ ಹಂಗಲ್ಲ ಮಗಾ. ಲ್ಯಾಟಿನ್ನಿನ ಸೆರ್ಮೊ. ಬರೀ ಮಾತುಕತೆ ಅಂತ ಅರ್ಥ, ಜನ ಕೂತ್ಕಂಡು ಆಡೂ ಮಾತು. ಆಮೇಲೆ ಇಗರ್ಜಿಯಲ್ಲಿ ಪಾದ್ರಿ ಒಬ್ಬನೇ ಹೇಳೂದು, ಉಳ್ದವ್ರು ಸುಮ್ನೆ ಕೇಳೂದು ಅಂತಾಯ್ತು. ಹಳೇ ಅರ್ಥ ಹೋಗೇ ಹೋಯ್ತು.”

ಅವರು ಇನ್ನೂ ಹೇಳುತ್ತಲೇ ಇದ್ದರು. ನೀತಾ ಚೀಲ ಎತ್ತಿಕೊಂಡು ಬಸ್‌ಸ್ಟಾಪಿಗೆ ನಡೆದಳು. ಆಮೇಲೆ ಅಪ್ಪನ ಫೋನು ಬಂದಾಗೆಲ್ಲ ರಿಸೀವರನ್ನು ಗಂಡನ ಕೈಗೆ ಕೊಟ್ಟುಬಿಡುತ್ತಿದ್ದಳು. ವರ್ಷಗಳು ಹೋದವು. ಅಪ್ಪ ಈಗೀಗ ಯಾರ ಹತ್ತಿರವೂ ಮಾತಾಡುವುದಿಲ್ಲ ಎಂದು ನಿತೇಶ ಹೇಳಿದಾಗ, ದೀಪಾವಳಿಗೆ ಹೋದರಾಯಿತು ಅಂದುಕೊಂಡಳು.

*

“ಅಕ್ಕಾ, ಏನಾದ್ರೂ ಹೇಳು. ಬೇಕಾದ್ರೆ ಬೈ,” ಅಂದ ನಿತೇಶ.

ಈಗ ಹೇಳದಿದ್ದರೆ ಇನ್ನು ಯಾವ ಜನ್ಮಕ್ಕೂ ಇಲ್ಲ ಎಂದು ನೀತಾಳಿಗೆ ಗೊತ್ತಿತ್ತು. ತಂಬಿಗೆ ಬಗ್ಗಿಸಿದಳು. ನೀರು ಒಳಗೆ ಇಳಿಯದೆ ಕಟವಾಯಿಯಿಂದ ಹರಿದು ಕತ್ತಿನ ಹೂವಿನೊಳಗೆ ಹೋಯಿತು.

“ಅಪ್ಪಾ,” ಅಂದಳು. “ಅಪ್ಪಾ, ಮಗೂಗೆ ನಿನ್ನ ಮೂಗೇ ಇತ್ತು. ಅದನ್ನ ಹೇಳೂಕೆ ಬಂದಿದ್ದೆ ಅವತ್ತು.”

ಕಾಶಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಟ್ಟನೂ ಕೇಶವನೂ ಹೆಣಕ್ಕೆ ಕೈಹಾಕಲು ಬಂದರು.

“ತಡೀರಿ,” ಎಂದು ನೀತಾ ಕೈ ಅಡ್ಡ ಹಿಡಿದಳು. “ನಾ ಹೇಳ್ದೆ. ಈಗ ಅಪ್ಪ ಹೇಳ್ಲಿ.”

ಜಟ್ಟನೂ ಕೇಶವನೂ ಒಂದು ಹೆಜ್ಜೆ ಹಿಂದೆ ಸರಿದರು. ಹೊಳೆಯ ನೀರು ಆಗಲೇ ಗದ್ದೆಯ ಬದು ಮುಟ್ಟಿತ್ತು. ನೀತಾ ಸೆರಗಿನ ತುದಿಯಿಂದ ಅಪ್ಪನ ಗದ್ದ ಒರೆಸಿ, ತನ್ನ ಕೂದಲನ್ನು ಹಿಂದಕ್ಕೆ ಸರಿಸಿಕೊಂಡು, ಬಗ್ಗಿ, ಕಿವಿಯನ್ನು ಅವರ ಬಾಯಿಯ ಹತ್ತಿರ ಇಟ್ಟಳು.