ಮೂರು ಪಿನ್ ಕಡಿಮೆ

ವೈಜನಾಥ ತನ್ನ ನೆರಳನ್ನೂ ನಂಬುವವನಲ್ಲ. ನಾಶಿಕದ ಅಂಬಡದಲ್ಲಿ ಅವನದೊಂದು ಸಣ್ಣ ವರ್ಕ್‌ಶಾಪು. ಅಲ್ಲಿ ತಯಾರಾಗುವುದು ಒಂದೇ ವಸ್ತು, ನೂಲು ಹರಿದ ಕೂಡಲೇ ಪವರ್‌ಲೂಮನ್ನು ನಿಲ್ಲಿಸುವ ಬೋರ್ಡು. ಎರಡು ವರ್ಷದ ಹಿಂದೆ ಯಾರೋ ಅದನ್ನು ಇದ್ದದ್ದು ಇದ್ದಂತೆ ನಕಲು ಮಾಡಿ ಮಗ್ಗಗಳ ಊರಾದ ಮಾಲೇಗಾಂವ್‌ನಲ್ಲಿ ಮಾರಿದ್ದರು. ಅಂದಿನಿಂದ ಯಾವುದೆಂದು ಯಾರಿಗೂ ತಿಳಿಯದಂತೆ, ಪ್ರತಿ ಬೋರ್ಡಿನ ಮೆದುಳಾದ ಮೈಕ್ರೋಕಂಟ್ರೋಲರ್ ಚಿಪ್ಪಿನ ಮೇಲಿರುವ ನಂಬರನ್ನು ಅವನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಅಳಿಸುತ್ತಿದ್ದ. ಆ ಹೊತ್ತಿಗೆ ಹೆತ್ತ ಮಗ ಅಮರನೂ ಹತ್ತಿರ ಸುಳಿಯುವಂತಿರಲಿಲ್ಲ.

ಈಗ ಆ ಚಿಪ್ಪನ್ನು ಮಾಡುವುದನ್ನೇ ಕಂಪನಿಯವರು ನಿಲ್ಲಿಸಿಬಿಟ್ಟರು. ಬೇರೊಂದನ್ನು ಆರಿಸದಿದ್ದರೆ ದೀಪಾವಳಿಯೊಳಗೆ ಮಾಲೇಗಾಂವ್‌ಗೆ ಕೊಡಬೇಕಾದ ಇನ್ನೂರು ಬೋರ್ಡು ಆಗುವುದಿಲ್ಲ. ಅದು ತಪ್ಪಿದರೆ ವರ್ಕ್‌ಶಾಪಿಗೆ ಬೀಗವೇ ಗತಿ. ಹೊಸ ಚಿಪ್ಪುಗಳ ವಿಷಯ ಅವನಿಗೆ ತಿಳಿಯದು. ತಿಳಿದವಳು ಲತಾ, ಅವನ ಭಾಲ್ಕಿಯ ಗೆಳೆಯ ರೇವಣಪ್ಪನ ಮಗಳು. ಅವಳಿಗೆ ಸಂಭಾಜಿನಗರದಲ್ಲಿ ಮನೆ, ಅಲ್ಲೇ ಹತ್ತಿರದ ಶೇಂದ್ರಾದ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಕೆಲಸ. ದುಡ್ಡು ಬೇಡ ಕಾಕಾ, ರಜೆಯ ದಿನ ಕೂತು ಆರಿಸಿಕೊಡುತ್ತೇನೆ ಎಂದಳು. ಅಲ್ಲಿಗೆ ಅವನ ಕಿವಿ ನೆಟ್ಟಗಾಯಿತು. ದುಡ್ಡು ಬೇಡ ಎನ್ನುವವಳಿಗೆ ಇನ್ನೇನು ಬೇಕು?

ಆದರೂ ಬಸ್ಸು ಹತ್ತಿ ಹೋದ. ಅವಳ ಮನೆಯಲ್ಲಿ ಜೋಳದ ರೊಟ್ಟಿ, ಝುಣಕ ಹೊಟ್ಟೆ ತುಂಬ ಉಂಡ. ಉಂಡು ಕೈ ತೊಳೆದು ಸುಳ್ಳು ಹೇಳಿದ. ಮಗ್ಗದಿಂದ ಬೋರ್ಡಿಗೆ ಎಷ್ಟು ತಂತಿ ಬರುತ್ತವೆ, ಅಷ್ಟು ಪಿನ್ ಇರುವ ಚಿಪ್ಪು ಹುಡುಕಬೇಕು ಎಂದು ಅವಳು ಕೇಳಿದಾಗ, ಹನ್ನೊಂದು ಎನ್ನುವ ಬದಲು ಎಂಟು ಎಂದ. ನಾಳೆ ಯಾವನಾದರೂ ಎಂಟು ತಂತಿಯ ಬೋರ್ಡು ಮಾಡಿದರೆ ಸುದ್ದಿ ಸೋರಿದ್ದು ಇವಳಿಂದಲೇ ಎಂದು ಗೊತ್ತಾಗುತ್ತದೆ. ಏನೂ ಆಗದಿದ್ದರೆ ತಿಂಗಳ ಮೇಲೆ ನಿಜ ಹೇಳಿದರಾಯಿತು. ಇದು ಅವನ ಉಪಾಯ. ಇಂಥ ಜಾಣತನಕ್ಕೆ ಏನೆನ್ನಬೇಕೋ.

ಲತಾ ನಾಲ್ಕು ಭಾನುವಾರ ಕೂತಳು. ಮಗ್ಗದ ಶೆಡ್ಡಿನ ಕಾವು, ಏರಿಳಿಯುವ ಕರೆಂಟು ತಡೆಯುವಂಥದ್ದು, ಇನ್ನು ಹತ್ತು ವರ್ಷವಾದರೂ ಪೇಟೆಯಲ್ಲಿ ಸಿಗುವಂಥದ್ದು ಎಂದು ಸೋಸಿ ಸೋಸಿ ಒಂದನ್ನು ಆರಿಸಿ ಅಮರನಿಗೆ ಹೆಸರು ಕಳಿಸಿದಳು. ವೈಜನಾಥ ಆಗ ಮಾಲೇಗಾಂವ್‌ನ ಅಂಗಡಿ ಅಂಗಡಿ ತಿರುಗಿ ಎಂಟು ತಂತಿಯ ಬೋರ್ಡು ಹುಡುಕುತ್ತಿದ್ದ. ಅಪ್ಪನ ಉಪಾಯ ಅಮರನಿಗೇನು ಗೊತ್ತು? ತಡಮಾಡಿದರೆ ಸಿಗಲಿಕ್ಕಿಲ್ಲವೆಂದು, ಪಿನ್ ಎಣಿಸಿ ನೋಡದೆಯೇ, ಇನ್ನೂರು ಬೋರ್ಡಿಗೆ ಬೇಕಾದಷ್ಟನ್ನೂ ತರಿಸಿಬಿಟ್ಟ. ಮಾರಿದವರು ವಾಪಸು ತೆಗೆದುಕೊಳ್ಳುವ ಮಾತೇ ಇರಲಿಲ್ಲ.

ಜೋಡಿಸಲು ಕೂತರೆ ಮೂರು ತಂತಿಗೆ ಜಾಗವಿಲ್ಲ. ಅಮರ ಕೆಂಡವಾದ. ಲತಾಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಮರಾಠಿಯಲ್ಲಿ ಬಾಯಿಗೆ ಬಂದಂತೆ ಬೈದ. ವೈಜನಾಥ ಪಕ್ಕದಲ್ಲೇ ಗೋಡೆ ನೋಡುತ್ತ ನಿಂತಿದ್ದ. ಸುಮ್ಮನಿದ್ದರೆ ಸಾಕಿತ್ತು, ತಪ್ಪೆಲ್ಲ ಅವಳ ತಲೆಗೆ ಹೋಗುತ್ತಿತ್ತು.

“ನಂದೇ ತಪ್ಪಿರಬೇಕು ಅಮರ,” ಎಂದಳು ಲತಾ. “ಎಂಟು ಅಂತ ಬರಕೊಂಡೀನಿ. ತಮ್ಮ ಬೋರ್ಡಿನ ಬಗ್ಗೆ ಕಾಕಾ ತಪ್ಪು ಹ್ಯಾಂಗ ಹೇಳ್ತಾರ?” ಎರಡು ದಿನ ರಜೆ ಹಾಕಿ ಬೇರೆಯದು ಹುಡುಕುತ್ತೇನೆ, ಈ ಚಿಪ್ಪು ನಮ್ಮ ಫ್ಯಾಕ್ಟರಿಗೆ ಬೇಕೇನೋ ಕೇಳುತ್ತೇನೆ ಎಂದೂ ಸೇರಿಸಿದಳು.

ಇಷ್ಟು ನಾಚಿಕೆ ವೈಜನಾಥನಿಗೆ ಹಿಂದೆಂದೂ ಆಗಿರಲಿಲ್ಲ. ಮಗನ ಕೈಯಿಂದ ಫೋನು ತೆಗೆದುಕೊಂಡ.

“ಇಲ್ಲವ್ವಾ. ನಾನೇ ಬೇಕಂತ ಸುಳ್ಳು ಹೇಳಿದ್ದೆ. ಹನ್ನೊಂದು ತಂತಿ ಅವ. ನಿನ್ನ ಮ್ಯಾಲ ನನಗ ಗುಮಾನಿ ಇತ್ತು.”

ಅಮರ ಅಪ್ಪನ ಮುಖವನ್ನೇ ನೋಡುತ್ತಿದ್ದ. ಲತಾ ಕೇಳಿದಳು, ಸಿಟ್ಟಿಲ್ಲದೆ, ಕಾಕಾ ಎನ್ನದೆ.

“ಹನ್ನೊಂದು ಅನ್ನೋದಾದ್ರೂ ಖರೇ ಅದ ಏನ್ರಿ?”